ವಲಸೆಯ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯ: ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಕಟ್ಟುವ ಬಗೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಕ್ರಿ.ಪೂ. 3ನೇ ಶತಮಾನದ ಆ ಶಾಸನ ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಕೊನೆಗೆ ಬಂದು ತನ್ನ ಕಸುಬನ್ನು ತಿಳಿಸುವಾಗ ಮಾತ್ರ ಆತ ‘ಲಿಪಿಕರೇಣ’ ಎಂಬ ಒಂದು ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿಯು ಈಗಿನ ಪೇಶಾವರದ ಸುತ್ತಿನ ವಾಯವ್ಯ ಸೀಮೆಯ ಲಿಪಿ. ಚಪಡ ಆ ಕಡೆಯಿಂದ ಬಂದವನೋ, ಆ ಕಡೆ ಕೆಲಸ ಕಲಿತವನೋ, ಅಂತೂ ಚಿತ್ರದುರ್ಗ ಜಿಲ್ಲೆಯ ಅತ್ಯಂತ ಹಳೆಯ ಬರಹದಲ್ಲಿಯೇ ದೂರದ ಊರಿನ ಅಕ್ಷರವೊಂದು ಕುಳಿತಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಇಷ್ಟಾದರೂ ನಮ್ಮ ಕಡೆ ವಲಸೆ ಎಂದೊಡನೆ ನೆನಪಾಗುವುದು ನಿನ್ನೆ ಮೊನ್ನೆ ಬಂದವರು ಮಾತ್ರ. ಶಾಲೆ, ಕಾಲೇಜು, ಗ್ರಾಮ ಪಂಚಾಯಿತಿ, ಮಠ ಅಥವಾ ಊರಿನ ಆಸಕ್ತರ ಗುಂಪೊಂದು ಒಂದು ಕೋಣೆಯ ವಸ್ತುಸಂಗ್ರಹಾಲಯ ಮಾಡಲು ಹೊರಟರೆ, ಅದರಲ್ಲಿ ಈ ಸೀಮೆಗೆ ಜನ ಬಂದ, ನೆಲೆನಿಂತ, ಬಿಟ್ಟುಹೋದ ಕಥೆಯನ್ನು ಹೇಗೆ ಹೇಳಬೇಕು ಎಂಬುದನ್ನು ಕೆಲಸದ ಕ್ರಮದಲ್ಲಿ ಇಲ್ಲಿ ವಿವರಿಸಿದ್ದೇನೆ. ಈಗಾಗಲೇ ಇರುವ ಸಂಗ್ರಹವನ್ನು ಹೊಸದಾಗಿ ಜೋಡಿಸುವವರಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಮೊದಲು ಪ್ರಶ್ನೆಯನ್ನು ಗಟ್ಟಿ ಮಾಡಿಕೊಳ್ಳಿ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರಲ್ಲಿ ಇಂಥ ಒಂದು ಕೋಣೆ ಮಾಡುವ ಕೆಲಸಕ್ಕೆ ನಾನೂ ಕೈಹಾಕಿದ್ದೆ. ಒಂದೊಂದು ಸಮುದಾಯಕ್ಕೆ ಒಂದೊಂದು ಗಾಜಿನ ಕಪಾಟು ಎಂದು ತೀರ್ಮಾನಿಸಿ, ಕಪಾಟಿನ ಮೇಲೆ ಜಾತಿಯ ಹೆಸರು ಬರೆಸಿ, ಒಳಗೆ ಉಡುಗೆ ತೊಡುಗೆ ಇಟ್ಟೆವು. ಉದ್ಘಾಟನೆಯ ದಿನ ತಾಂಡಾದಿಂದ ಬಂದಿದ್ದ ವಯಸ್ಸಾದ ಲಂಬಾಣಿ ಹೆಣ್ಣುಮಗಳೊಬ್ಬರು ‘ಕಿವಿಯ ಆಭರಣ’ ಎಂದು ನಾವು ಚೀಟಿ ಅಂಟಿಸಿದ್ದ ಬೆಳ್ಳಿಯ ಟೋಪ್ಲಿಯನ್ನು ಬಹಳ ಹೊತ್ತು ನೋಡಿ, “ಇದು ಕಿವಿಗಲ್ಲಪ್ಪ, ಕೂದ್ಲಿಗೆ ಹೆಣೆಯೋದು. ಗಂಡ ಇದ್ದೋರು ಹಾಕ್ಕೊಳ್ಳೋದು” ಎಂದರು. ಕಿವಿಯ ಪಕ್ಕದಲ್ಲಿ ತೂಗುವುದರಿಂದ ನಾವು ಹಾಗೆ ತಿಳಿದಿದ್ದೆವು. ಕೇಳುವ ವ್ಯವಧಾನ ಇರಲಿಲ್ಲ. ಚೀಟಿಯನ್ನು ಅಂದೇ ಸಂಜೆ ಬದಲಿಸಿದೆವು. ಬದಲಿಸಲಾಗದ ತಪ್ಪು ಬೇರೆ ಇತ್ತು. ಬಂದ ಪ್ರತಿಯೊಬ್ಬರೂ ತಮ್ಮವರ ಕಪಾಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಪಕ್ಕದ ಕಪಾಟಿನತ್ತ ಕಣ್ಣು ಹಾಯಿಸಿದವರು ತೀರ ಕಡಿಮೆ. ಊರಿನಲ್ಲಿ ಬೆರೆತು ಬದುಕುವವರನ್ನು ನಾವು ಗಾಜಿನೊಳಗೆ ಬೇರೆಬೇರೆಯಾಗಿ ಕೂರಿಸಿದ್ದೆವು.

ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟು: ಜಾತಿಗೊಂದು ಕಪಾಟು ಬೇಡ. ದಾರಿ ಮತ್ತು ಕಸುಬು ಇವೆರಡನ್ನು ಹಿಡಿದು ಜೋಡಿಸಿ. ಪ್ರತಿ ವಸ್ತುವಿಗೂ ನಾಲ್ಕು ಪ್ರಶ್ನೆ ಕೇಳಿ: ಇದು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಬಂತು, ಏಕೆ ಬಂತು, ಇಲ್ಲಿಗೆ ಬಂದ ಮೇಲೆ ಏನು ಬದಲಾಯಿತು. ಈ ನಾಲ್ಕನ್ನು ಕೋಟೆಯ ನಾಯಕರ ಖಡ್ಗಕ್ಕೂ ಕೇಳಬೇಕು, ಮಿಲ್ಲಿನ ಕೂಲಿಯ ಹಾಜರಿ ಕಾರ್ಡಿಗೂ ಕೇಳಬೇಕು. ಕೆಲವರಿಗೆ ಮಾತ್ರ ‘ಎಲ್ಲಿಂದ ಬಂದಿರಿ’ ಎಂದು ಕೇಳಿ, ಉಳಿದವರನ್ನು ಮೂಲದವರೆಂದು ಕೇಳದೆ ಬಿಟ್ಟರೆ, ಆ ಕೋಣೆ ಬಂದವರನ್ನು ಇನ್ನೊಮ್ಮೆ ಹೊರಗಿನವರನ್ನಾಗಿ ಮಾಡುತ್ತದೆ.

ಹೆಸರುಗಳ ನಕ್ಷೆ

ವಸ್ತು ಸಂಗ್ರಹಿಸುವ ಮೊದಲು ಒಂದು ತಿಂಗಳು ಊರ ಹೆಸರುಗಳ ಮೇಲೆ ಕಳೆಯಿರಿ. ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡರೆ ‘ಗೊಲ್ಲರಹಟ್ಟಿ’, ‘ತಾಂಡಾ’, ‘ಕ್ಯಾಂಪ್’, ‘ಪೇಟೆ’, ‘ಕಾವಲು’ ಎಂಬ ಬಾಲಗಳು ತಾವಾಗಿಯೇ ಬೇರೆ ಬೇರೆ ಗುಂಪಾಗಿ ನಿಲ್ಲುತ್ತವೆ. ಹಟ್ಟಿ ದನ–ಕುರಿ ಸಾಕುವವರ ನೆಲೆ. ಕಾವಲು ಎಂದರೆ ಅವು ಮೇಯುವ ಹುಲ್ಲುಗಾವಲು. ತಾಂಡಾ ಒಂದು ಕಾಲಕ್ಕೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸಾಗುತ್ತಿದ್ದ ಲಂಬಾಣಿಗರ ತಂಡ, ಈಗ ನಿಂತ ಊರು. ಕ್ಯಾಂಪ್ ಎಂದರೆ ಭದ್ರಾ ನಾಲೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ಕಡೆಯಿಂದ ಬಂದು ಭತ್ತದ ಗದ್ದೆ ಮಾಡಿದ ರೈತರು ಕಟ್ಟಿಕೊಂಡ ಊರು. ದಾವಣಗೆರೆಯ ಒಳಗೆ ಮಂಡಿಪೇಟೆ, ಚೌಕಿಪೇಟೆಗಳು ವ್ಯಾಪಾರದ ನೆನಪು ಇಟ್ಟುಕೊಂಡಿದ್ದರೆ, ಹಗೇದಿಬ್ಬ ಎಂಬ ಹೆಸರು ಕಾಳು ತುಂಬಿಡುತ್ತಿದ್ದ ಹಗೇವುಗಳನ್ನು ನೆನಪಿಸುತ್ತದೆ. (ಇದೇ ಊರಿನಲ್ಲಿ ‘ಕ್ಯಾಂಪ್’ ಎಂದರೆ ನಾಟಕ ಕಂಪನಿಯ ಬಿಡಾರವೂ ಹೌದು. ಊರೂರು ತಿರುಗುತ್ತಿದ್ದ ಕಂಪನಿಗಳಿಗೆ ದಾವಣಗೆರೆ ದೊಡ್ಡ ಆಸರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ಇಲ್ಲಿಯದೇ. ಒಂದೇ ಪದ ನೀರಿನ ಹಿಂದೆ ಬಂದ ರೈತನಿಗೂ ಟಿಕೆಟ್ಟಿನ ಹಿಂದೆ ಬಂದ ನಟನಿಗೂ ಸಲ್ಲುತ್ತದೆ.)

ಈ ಹೆಸರುಗಳನ್ನು ದೊಡ್ಡ ನಕ್ಷೆಯೊಂದರ ಮೇಲೆ ಗುರುತಿಸಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ 1994ರಲ್ಲಿ ಆರಂಭವಾದ ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯದ ಕೆಲಸ ಇಲ್ಲಿ ಮಾದರಿಯಾಗಬಲ್ಲದು. ವರ್ಣಭೇದದ ಸರ್ಕಾರ 1966ರಲ್ಲಿ ಬಿಳಿಯರಿಗೆ ಮೀಸಲೆಂದು ಘೋಷಿಸಿ ಜನರನ್ನು ಒಕ್ಕಲೆಬ್ಬಿಸಿದ ಬಡಾವಣೆಯ ನಕ್ಷೆಯನ್ನು ಅಲ್ಲಿ ನೆಲದ ತುಂಬ ಹಾಸಿದ್ದಾರೆ; ಅಲ್ಲಿದ್ದವರು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ತಾವೇ ಹೆಸರು ಬರೆದಿದ್ದಾರೆ. ನಮಗೆ ಖಾದಿ ಬಟ್ಟೆಯ ಮೇಲೆ ಬರೆಸಿದ ಜಿಲ್ಲೆಯ ನಕ್ಷೆ ಸಾಕು. ಉದ್ಘಾಟನೆಗೆ ಕಾಯದೆ, ಕೋಣೆ ಖಾಲಿ ಇರುವಾಗಲೇ ಅದನ್ನು ಹಾಸಿ, ಬಂದವರಿಂದ ಅವರ ಅಜ್ಜಂದಿರ ಊರನ್ನು ದಾರದಿಂದ ಹೊಲಿಸಿ ಅಥವಾ ಬಣ್ಣದಿಂದ ಬರೆಸಿ. ನಕ್ಷೆಯ ಅಂಚಿನಾಚೆ ಸಾಕಷ್ಟು ಖಾಲಿ ಬಟ್ಟೆ ಬಿಡುವುದನ್ನು ಮರೆಯಬೇಡಿ. ಹೆಚ್ಚಿನ ದಾರಗಳು ಅಲ್ಲಿಗೇ ಓಡುತ್ತವೆ.

ಕಾಗದ ಎಲ್ಲಿದೆ

ದಾವಣಗೆರೆಯ ಇತಿಹಾಸ ಹುಡುಕುವವರು ಬಹಳ ಬೇಗ ದಾರಿ ತಪ್ಪುತ್ತಾರೆ, ಏಕೆಂದರೆ ಈ ಜಿಲ್ಲೆಗೆ ವಯಸ್ಸು ಕಡಿಮೆ. 1997ರಲ್ಲಿ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರುಗಳು ಚಿತ್ರದುರ್ಗದಿಂದಲೂ, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಿಂದಲೂ, ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೇ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆದ್ದರಿಂದ ದಾವಣಗೆರೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯ ಚಿತ್ರದುರ್ಗದ ಸಂಪುಟದಲ್ಲಿ, ಅಂದರೆ 11ನೆಯದರಲ್ಲಿ, ನೋಡಬೇಕು. ಹೊನ್ನಾಳಿ–ಚನ್ನಗಿರಿಯವು ಶಿವಮೊಗ್ಗದ 7ನೇ ಸಂಪುಟದಲ್ಲಿವೆ. ಹರಪನಹಳ್ಳಿ 1953ರ ವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಅಲ್ಲಿನ ಹಳೆಯ ಕಂದಾಯದ ಕಾಗದಗಳ ಜಾಡೇ ಬೇರೆ. ಜಿಲ್ಲೆಯ ಗಡಿಯೂ ವಲಸೆ ಹೋಗುತ್ತದೆ ಎಂಬುದನ್ನು ತೋರಿಸುವ ಒಂದು ಸಣ್ಣ ಫಲಕವನ್ನೇ ಇದರಿಂದ ಮಾಡಬಹುದು.

ಗೆಜೆಟಿಯರುಗಳಲ್ಲಿ ಒಂದೊಂದು ಸಾಲು ಇಡೀ ಪೇಟೆಯ ಹುಟ್ಟನ್ನು ಹೇಳುತ್ತದೆ. ಹೈದರಾಲಿಯು ದಾವಣಗೆರೆಯನ್ನು ಅಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು, ಆತ ವರ್ತಕರನ್ನು ಕರೆಸಿ ಇಲ್ಲಿ ನೆಲೆಗೊಳ್ಳಲು ಪ್ರೋತ್ಸಾಹಿಸಿದನು ಎಂದು ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ದಾಖಲಿಸಿದ್ದಾರೆ. ಅಲ್ಲಿಯವರೆಗೆ ಇದು ಸಣ್ಣ ಹಳ್ಳಿ. ಅಂದರೆ ಈ ಊರು ಊರಾದದ್ದೇ ಕರೆದು ಕೂರಿಸಿದವರಿಂದ. ಜನಗಣತಿಯನ್ನೂ ಬಿಡಬೇಡಿ: ಮಾತೃಭಾಷೆ, ಹುಟ್ಟಿದ ಊರು, ಹಿಂದೆ ವಾಸವಿದ್ದ ಊರು, ಊರು ಬಿಟ್ಟ ಕಾರಣ ಇವನ್ನೆಲ್ಲ ಗಣತಿಯಲ್ಲಿ ಕೇಳುತ್ತಾರೆ. ಜಿಲ್ಲೆಯ ಮಾತೃಭಾಷೆಗಳ ಕೋಷ್ಟಕವನ್ನು ತೆಗೆದು ಗೋಡೆಗೆ ಹಾಕಿದರೆ ನೋಡುವವರು ತಮ್ಮದನ್ನು ಹುಡುಕುತ್ತ ಉಳಿದವನ್ನೂ ಓದುತ್ತಾರೆ.

ಸರ್ಕಾರದ ಕಾಗದದಲ್ಲಿ ಸಿಗದ್ದು ಹೆಳವರ ಬಳಿ ಸಿಗಬಹುದು. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು, ಆ ಮನೆತನದ ತಲೆಮಾರುಗಳ ಹೆಸರು, ಮೂಲದ ಊರು, ಅಲ್ಲಿಂದ ಕವಲೊಡೆದು ಹೋದವರ ವಿವರ ಇವನ್ನೆಲ್ಲ ಹಾಡಿ ಹೇಳಿ ಕಾಳುಕಡಿ ಪಡೆಯುವ ಇವರು ನಮ್ಮ ನಾಡಿನ ನಡೆದಾಡುವ ಪತ್ರಾಗಾರ. ವಂಶಾವಳಿಗಳನ್ನು ಬರೆದಿಟ್ಟ ಪುಸ್ತಕಗಳು ಅವರ ಜೀವನೋಪಾಯವಾಗಿರುವುದರಿಂದ ಅವನ್ನು ಕೊಡಿ ಎಂದು ಕೇಳಬಾರದು, ಪುಟಗಳ ಫೋಟೊ ತೆಗೆಯಲೂ ಬಾರದು. ಯಾವ ಮನೆಯವರು ಒಪ್ಪುತ್ತಾರೋ ಆ ಮನೆಗೆ ಹೆಳವರು ಬಂದ ದಿನ ಹೋಗಿ, ಹೇಳುವುದನ್ನು ಧ್ವನಿಮುದ್ರಿಸಿಕೊಂಡು, ಅವರಿಗೂ ಸಲ್ಲಬೇಕಾದ ಸಂಭಾವನೆಯನ್ನು ಕೊಟ್ಟು ಬನ್ನಿ.

ಕೇಳಿಸಿಕೊಳ್ಳುವ ಕೆಲಸ

ವಸ್ತುವಿಗಿಂತ ಮೊದಲು ಮಾತನ್ನು ಸಂಗ್ರಹಿಸಿ. ಇದು ಎಲ್ಲಕ್ಕಿಂತ ನಿಧಾನದ ಕೆಲಸ; ಹಣ ಕಡಿಮೆ, ಸಮಯ ಹೆಚ್ಚು ಬೇಡುತ್ತದೆ.

ಒಬ್ಬರನ್ನು ಮಾತನಾಡಿಸಲು ಇಬ್ಬರು ಹೋಗಿ, ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಇಬ್ಬರಲ್ಲಿ ಒಬ್ಬರಿಗಾದರೂ ಮನೆಯ ಮಾತು ಬರಬೇಕು. ದಾವಣಗೆರೆಯ ಓಣಿಗಳಲ್ಲಿ ದಖ್ಖನಿ ಉರ್ದು, ಮರಾಠಿ, ತೆಲುಗು, ತಾಂಡಾದಲ್ಲಿ ಲಂಬಾಣಿಗರ ಮಾತಾದ ಗೋರ್ ಬೋಲಿ, ಮೊಳಕಾಲ್ಮೂರಿನಲ್ಲಿ ಮನೆಮನೆಗೂ ಕನ್ನಡದ ಜೊತೆ ತೆಲುಗು ಇವೆ. ಅಜ್ಜಿ ಕನ್ನಡದಲ್ಲಿ ಉತ್ತರಿಸಿದರೂ ಲೆಕ್ಕ, ಬೈಗುಳ, ಜೋಗುಳಗಳು ಮನೆಯ ಮಾತಿನಲ್ಲಿಯೇ ಹೊರಬರುತ್ತವೆ. ಹೆಂಗಸರನ್ನು ಗಂಡಸರಿಲ್ಲದಾಗ, ಅಡುಗೆ ಮನೆಯ ಹತ್ತಿರ ಅಥವಾ ಕೆಲಸದ ಜಾಗದಲ್ಲಿ ಕೇಳಿ. ಮದುವೆಯಾಗಿ ಬೇರೆ ಊರಿಗೆ ಬರುವುದೂ ವಲಸೆಯೇ. ದೇಶದ ಗಣತಿಯಲ್ಲಿ ಹೆಣ್ಣುಮಕ್ಕಳು ಊರು ಬಿಡಲು ಅತಿ ಹೆಚ್ಚು ಕೊಡುವ ಕಾರಣ ಮದುವೆ. ಹಾಗಿದ್ದರೂ ನಮ್ಮ ಸಂಗ್ರಹಾಲಯಗಳಲ್ಲಿ ಇದನ್ನು ವಲಸೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

“ನಿಮ್ಮ ಇತಿಹಾಸ ಹೇಳಿ” ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಊರು ಬಿಟ್ಟ ದಿನ ಗಂಟಿನಲ್ಲಿ ಏನೇನು ಕಟ್ಟಿಕೊಂಡಿರಿ, ಇಲ್ಲಿಗೆ ಬಂದು ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಕೂಲಿ ಎಷ್ಟು, ಇಲ್ಲಿಯ ಊಟದಲ್ಲಿ ಏನು ಸೇರಲಿಲ್ಲ ಎಂದು ಕೇಳಿ. ಹಳೆಯ ಮಿಲ್ ಕಾರ್ಮಿಕರನ್ನು ಪಾಳಿಯ ಬಗ್ಗೆ ಕೇಳಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರು ಮಿಲ್ಲಿನ ಕೂಗಿಗೆ ಎದ್ದು ಮಿಲ್ಲಿನ ಕೂಗಿಗೆ ಮಲಗುತ್ತಿತ್ತು; ಗಡಿಯಾರ ಇಲ್ಲದ ಮನೆಗಳಿಗೂ ಅದೇ ಗಡಿಯಾರ. ಸುತ್ತಣ ಹಳ್ಳಿಗಳಿಂದ, ಬಯಲುಸೀಮೆಯ ಬರದಿಂದ ಬಂದವರು ಒಂದೇ ವಠಾರದಲ್ಲಿ ಸಾಲಾಗಿ ಇದ್ದು, ಒಂದೇ ಸಂಘದ ಚೀಟಿ ಹಿಡಿದು, ತಮ್ಮಲ್ಲೊಬ್ಬರಾದ ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳುಹಿಸಿದ ಊರಿದು.

ಧ್ವನಿಮುದ್ರಣಕ್ಕೆ ಮೊಬೈಲ್ ಸಾಕಾಗುತ್ತದೆ, ಆದರೆ ಫ್ಯಾನ್ ಆರಿಸಿ, ಮೊಬೈಲನ್ನು ಮಡಿಸಿದ ಬಟ್ಟೆಯ ಮೇಲಿಡಿ. ಆರಂಭದಲ್ಲಿ ದಿನಾಂಕ, ಊರು, ಮಾತನಾಡುವವರ ಮತ್ತು ಕೇಳುವವರ ಹೆಸರನ್ನು ಬಾಯಲ್ಲೇ ಹೇಳಿ ದಾಖಲಿಸಿ. ಮೂಲ ಕಡತವನ್ನು ಕತ್ತರಿಸದೆ ಹಾಗೆಯೇ ಉಳಿಸಿ, ಮೂರು ಪ್ರತಿ ಮಾಡಿ, ಅದರಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿ ಇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟದಷ್ಟಿರಲಿ. ಎಲ್ಲರೂ ಕೇಳಬಹುದು, ಸಂಶೋಧಕರು ಮಾತ್ರ ಕೇಳಬಹುದು, ಹೆಸರು ಹೇಳಬಾರದು ಎಂಬ ಮೂರು ಆಯ್ಕೆಗಳಿರಲಿ. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅವರ ಒಪ್ಪಿಗೆಯನ್ನು ಧ್ವನಿಯಲ್ಲಿಯೇ ಪಡೆಯಿರಿ. ಕೊನೆಗೆ ಮುದ್ರಿಸಿದ್ದನ್ನು ಒಯ್ದು ಅವರಿಗೇ ಕೇಳಿಸಿ. ಟೋಪ್ಲಿಯ ವಿಷಯದಲ್ಲಿ ನಾವು ಬಿಟ್ಟದ್ದು ಇದೇ ಹೆಜ್ಜೆ.

ವಸ್ತುಗಳನ್ನು ತೆಗೆದುಕೊಳ್ಳುವುದು

ಕಾನೂನನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷ ಮೀರಿದ ಶಿಲ್ಪ, ನಾಣ್ಯ, ಕುಶಲ ವಸ್ತುಗಳೂ 75 ವರ್ಷ ಮೀರಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಬೆಲೆಯ ಹಸ್ತಪ್ರತಿ–ದಾಖಲೆಗಳೂ ಪುರಾತನ ವಸ್ತುಗಳೆನಿಸುತ್ತವೆ. ಅವುಗಳಲ್ಲಿ ಕೆಲವು ಬಗೆಯವನ್ನು ನೋಂದಾಯಿಸಬೇಕು. ಹೊಲ ಉಳುವಾಗ ಸಿಕ್ಕ ನಿಧಿಯನ್ನು ಯಾರಾದರೂ ತಂದುಕೊಟ್ಟರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಚಂದ್ರವಳ್ಳಿ, ಬ್ರಹ್ಮಗಿರಿಗಳಂಥ ಸಂರಕ್ಷಿತ ತಾಣದಿಂದ ಮಡಕೆಯ ಒಂದು ಚೂರನ್ನೂ ಎತ್ತಿಕೊಂಡು ಬರಬಾರದು. ಅವುಗಳ ಛಾಯಾಚಿತ್ರವನ್ನೋ ಅಚ್ಚನ್ನೋ ಇಟ್ಟು, ಮೂಲವನ್ನು ನೋಡಲು ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ.

ಹಳೆಯದಾಗಿರುವುದೊಂದೇ ಕಾರಣಕ್ಕೆ ಏನನ್ನೂ ತೆಗೆದುಕೊಳ್ಳಬೇಡಿ. ಯಾರದೆಂದು ಗೊತ್ತಿಲ್ಲದ ಹಿತ್ತಾಳೆ ಕೊಡಗಳು ಹತ್ತು ಬಂದರೂ ಅವು ಏನನ್ನೂ ಹೇಳುವುದಿಲ್ಲ. ಬಂದವರ ಗಂಟಿನಲ್ಲಿದ್ದ ಒಂದು ಒಳಕಲ್ಲು, ತಗಡಿನ ಟ್ರಂಕು, ಹೊಲಿಗೆ ಯಂತ್ರ, ಮಿಲ್ಲಿನ ಟೋಕನ್ನು, ರೈಲಿನ ಚೀಟಿ, ಊರಿಗೆ ಬರೆದ ಪೋಸ್ಟ್ ಕಾರ್ಡು ಇವು ಮಾತನಾಡುತ್ತವೆ. ಪ್ರತಿ ವಸ್ತುವಿಗೂ ಸಂಖ್ಯೆ ಕೊಟ್ಟು, ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆಯಿರಿ. ದಾನವೋ ಎರವಲೋ ಎಂಬುದನ್ನು ಸ್ಪಷ್ಟಪಡಿಸಿ ಕೊಟ್ಟವರಿಗೆ ರಶೀದಿ ನೀಡಿ. ಪೂಜೆಯಲ್ಲಿರುವ ವಸ್ತುವನ್ನು ದಾನವಾಗಿ ಕೇಳಬೇಡಿ. ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆ ನಮ್ಮ ಕಣ್ಣಿಗೆ ಉದ್ದನೆಯ ಬಿದಿರಿನ ಕೊಳಲು, ಅವರಿಗೆ ದೇವರು. ಅದರ ದನಿಯನ್ನು ಒಪ್ಪಿಗೆಯಿಂದ ಮುದ್ರಿಸಿಕೊಂಡರೆ ಸಾಕು, ಗಣೆ ಹಟ್ಟಿಯಲ್ಲಿಯೇ ಇರಲಿ.

ರಕ್ಷಣೆಯ ವಿಷಯದಲ್ಲಿ ನಮ್ಮ ಶತ್ರುಗಳು ಬಿಸಿಲು, ದೂಳು, ನುಸಿ. ಬಟ್ಟೆ ಮತ್ತು ಕಾಗದದ ಮೇಲೆ ನೇರ ಬೆಳಕು ಬೀಳಬಾರದು. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರದಂತೆ ನೋಡಿಕೊಂಡು, ಸೀರೆಗಳನ್ನು ಮೂರು–ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಮಡಿಸಿದ ಗೆರೆಯಲ್ಲಿಯೇ ರೇಷ್ಮೆ ಸೀಳುತ್ತದೆ, ಆದ್ದರಿಂದ ಮೊಳಕಾಲ್ಮೂರು ಸೀರೆಯನ್ನು ತೊಳೆದ ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ಸುತ್ತಿಡಿ. ಕಂಬಳಿಗೆ ಹುಳು ಬಿದ್ದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಬಿಗಿದು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು ತೆಗೆಯಬಹುದು. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಲೇಬೇಡಿ. ಅದನ್ನು ಆಮೇಲೆ ಬಿಡಿಸಲಾಗದು.

ಕೋಣೆಯ ಜೋಡಣೆ: ನಾಲ್ಕು ದಾರಿಗಳು

ನಮ್ಮ ಸೀಮೆಗೆ ಹೊಂದುವ ಒಂದು ಜೋಡಣೆಯನ್ನು ಇಲ್ಲಿ ಕೊಡುತ್ತೇನೆ. ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಮೊದಲನೆಯದು ಮೇವಿನ ದಾರಿ. ಚಳ್ಳಕೆರೆ, ಮೊಳಕಾಲ್ಮೂರಿನ ಕಾವಲುಗಳ ದನ, ಬೇಸಿಗೆಯಲ್ಲಿ ಮಂದೆಯೊಡನೆ ಊರು ಬಿಡುವ ಕುರಿಗಾಹಿಗಳು, ಮ್ಯಾಸಬೇಡರ ದೇವರ ಎತ್ತುಗಳು ಎಲ್ಲ ಇಲ್ಲಿಗೆ ಸೇರುತ್ತವೆ. ಮಧ್ಯದಲ್ಲಿ ಒಂದು ಕರಿ ಕಂಬಳಿಯನ್ನು ತೂಗುಹಾಕಿ, ಅದರ ಪಕ್ಕದಲ್ಲಿ ಉಣ್ಣೆ, ನೂಲು, ಗಂಜಿ ಕೊಡಲು ಬಳಸುವ ಹುಣಸೆ ಬೀಜ ಇಡಿ. ಮುಟ್ಟಿ ನೋಡಲು ಒಂದು ತುಂಡನ್ನು ಹೊರಗೇ ಬಿಡಿ. ದಾವಣಗೆರೆಯ ಕಂಬಳಿಗೆ 19ನೇ ಶತಮಾನದಲ್ಲಿ ಎಷ್ಟು ಹೆಸರಿತ್ತೆಂದರೆ, ನೂರಾರು ರೂಪಾಯಿ ಬೆಲೆಯ ಕಂಬಳಿಗಳು ಇಲ್ಲಿ ನೇಯಲ್ಪಡುತ್ತಿದ್ದವೆಂದು ರೈಸ್ ಬರೆದಿದ್ದಾರೆ.

ಎರಡನೆಯದು ಸರಕಿನ ದಾರಿ. ಮಲೆನಾಡಿನ ಅಡಿಕೆ, ಮೆಣಸು ಬಯಲಿಗೆ ಇಳಿದು ಹೋಗುತ್ತಿದ್ದ ದಾರಿಯ ಮಂಡಿ ದಾವಣಗೆರೆ. ಲಂಬಾಣಿಗರ ಎತ್ತುಗಳು, ಆಮೇಲೆ ರೈಲು, ಆಮೇಲೆ ಪುಣೆ–ಬೆಂಗಳೂರು ರಸ್ತೆ ಒಂದರ ಹೆಗಲಿಗೊಂದು ಹೊರೆ ದಾಟಿಸಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವಾಗಿರುವುದರಿಂದ ದೇಶದ ನಾನಾ ರಾಜ್ಯಗಳ ಬಂಜಾರರು, ಅಂದರೆ ಲಂಬಾಣಿಗರು, ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಬರುತ್ತಾರೆ. ಚದುರಿದ ಸಮುದಾಯವೊಂದು ವರ್ಷಕ್ಕೊಮ್ಮೆ ನಮ್ಮ ಜಿಲ್ಲೆಯಲ್ಲಿ ಕೂಡುವುದನ್ನು ದಾಖಲಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಯ ಎದುರಿನ ಮುಸಾಫಿರ್‌ಖಾನೆಯ (ಪ್ರಯಾಣಿಕರ ತಂಗುಮನೆಯ) ಚಿತ್ರವೂ ಇಲ್ಲಿಗೇ ಸಲ್ಲುತ್ತದೆ.

ಮೂರನೆಯದು ನೀರಿನ ದಾರಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, 1960ರ ದಶಕದ ಭದ್ರಾ ಅಣೆಕಟ್ಟೆ ಎರಡೂ ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕರೆತಂದವು. ಮುಳುಗಿದ ಊರುಗಳ ಹೆಸರನ್ನು ಒಂದು ಗೋಡೆಗೂ, ನಾಲೆಯ ಬದಿಯ ಕ್ಯಾಂಪುಗಳ ಹೆಸರನ್ನು ಎದುರಿನ ಗೋಡೆಗೂ ಬರೆಸಿ.

ನಾಲ್ಕನೆಯದು ಕೂಲಿಯ ದಾರಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸಮೃದ್ಧವಾದದ್ದು. ಹತ್ತಿ ಮಿಲ್ಲುಗಳು, ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು, ಚಳ್ಳಕೆರೆಯ ಎಣ್ಣೆ ಗಾಣಗಳು, ಮೊಳಕಾಲ್ಮೂರಿನ ಗುಣಿಮಗ್ಗ ಮತ್ತು ಲಾಳಿ, ದಾವಣಗೆರೆಯ ಮಂಡಕ್ಕಿ ಭಟ್ಟಿ. ಭಟ್ಟಿಯನ್ನೇ ತೆಗೆದುಕೊಳ್ಳಿ. ಕಾದ ಮರಳಿಗೆ ಅಕ್ಕಿ ಬಿದ್ದು ಕ್ಷಣದಲ್ಲಿ ಅರಳಿ, ಜರಡಿಗೆ ಬಂದು ಮರಳು ಕೆಳಗಿಳಿಯುವ ಆ ಕೆಲಸದಲ್ಲಿ ಉರಿಯ ಮುಂದೆ ನಿಲ್ಲುವವರು, ಚೀಲ ಹೊಲಿಯುವವರು, ಗಾಡಿ ತಳ್ಳುವವರು, ಸಂಜೆ ಅದಕ್ಕೆ ಈರುಳ್ಳಿ ಬೆರೆಸಿ ಮೆಣಸಿನಕಾಯಿ ಬಜ್ಜಿಯ ಜೊತೆ ಮಾರುವವರು, ತಿನ್ನುವವರು ಎಲ್ಲರ ಮನೆಮಾತೂ ಒಂದಲ್ಲ. ಒಂದು ಜರಡಿ, ಒಂದು ಬೊಗಸೆ ಮರಳು, ಕೆಲಸಗಾರರ ದನಿ ಇಷ್ಟನ್ನಿಟ್ಟರೆ ಐದು ಜಾತಿಯ ಐದು ಕಪಾಟುಗಳ ಕೆಲಸ ಮುಗಿಯುತ್ತದೆ. ಹೊಗೆಯನ್ನೂ, ಆ ಉರಿಯ ಮುಂದೆ ದುಡಿದ ಮಕ್ಕಳನ್ನೂ ಹೇಳದೆ ಬಿಡಬೇಡಿ.

ಚೀಟಿ ಬರೆಯುವುದು

ಚೀಟಿ 60 ಪದ ಮೀರದಿರಲಿ, ಅಕ್ಷರ ದೊಡ್ಡದಿರಲಿ, ಏಳನೇ ತರಗತಿಯ ಹುಡುಗಿಗೆ ಅರ್ಥವಾಗಲಿ. ‘ಬುಡಕಟ್ಟು ಜನರ ಸಾಂಪ್ರದಾಯಿಕ ಆಭರಣ’ ಎಂಬಂಥ ಒಣ ಸಾಲಿನ ಬದಲು ಹೀಗೆ ಬರೆಯಬಹುದು: “ಟೋಪ್ಲಿ. ಬೆಳ್ಳಿ. ಲಂಬಾಣಿ ಮುತ್ತೈದೆಯರು ಕಿವಿಯ ಪಕ್ಕ ಕೂದಲಿಗೆ ಹೆಣೆದುಕೊಳ್ಳುತ್ತಾರೆ. ಇದನ್ನು ಕೊಟ್ಟವರ ಅಜ್ಜಿ ಮದುವೆಯಲ್ಲಿ ಧರಿಸಿದ್ದು. ಮಗಳು ಹಬ್ಬಕ್ಕೆ ಮಾತ್ರ ಹಾಕಿಕೊಂಡರು, ಮೊಮ್ಮಗಳು ಹಾಕಿಕೊಂಡಿಲ್ಲ.” ಕೊನೆಯ ಎರಡು ವಾಕ್ಯಗಳಲ್ಲಿ ಮೂರು ತಲೆಮಾರಿನ ಬದಲಾವಣೆ ಇದೆ.

ವಸ್ತುವಿನ ಹೆಸರನ್ನು ಆ ಮನೆಯವರು ಕರೆಯುವಂತೆಯೇ ಕನ್ನಡ ಲಿಪಿಯಲ್ಲಿ ಮೊದಲು ಬರೆದು, ಆಮೇಲೆ ವಿವರಿಸಿ. ದನಿ ಇರುವ ಕಡೆ ಕ್ಯೂಆರ್ ಕೋಡ್ ಹಾಕಿ. ಮೊಬೈಲ್ ಇಲ್ಲದವರಿಗೆ ಗುಂಡಿ ಒತ್ತಿದರೆ ಕೇಳುವ ಪೆಟ್ಟಿಗೆಯೊಂದಾದರೂ ಬೇಕು.

ಊರಿನವರ ಹೇಳಿಕೆಯನ್ನು ಹೇಳಿಕೆಯೆಂದೇ ಬರೆಯಿರಿ. ಬೆಣ್ಣೆ ದೋಸೆಯನ್ನು ಊರಿಗೆ ಪರಿಚಯಿಸಿದಾಕೆ ಬೆಳಗಾವಿ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂದು ದಾವಣಗೆರೆಯಲ್ಲಿ ಹೇಳುತ್ತಾರೆ. “ಎಂದು ಹೇಳುತ್ತಾರೆ” ಎಂಬ ಎರಡು ಪದಗಳನ್ನು ಅಲ್ಲಿ ಕತ್ತರಿಸಬೇಡಿ. ಊರಿನ ಹೆಸರನ್ನೇ ಹೊತ್ತು ರಾಜ್ಯವೆಲ್ಲ ತಿರುಗುವ ತಿಂಡಿಯ ಹಿಂದೆ ಹೊರಗಿನಿಂದ ಬಂದ ಹೆಂಗಸೊಬ್ಬಳ ಒಲೆ ಇದೆ ಎಂದು ಊರೇ ನಂಬಿಕೊಂಡು ಬಂದಿರುವುದೂ ಒಂದು ದಾಖಲೆ.

ನೋವಿನ ಕಥೆಗಳು

ಎಲ್ಲರೂ ತಾವಾಗಿ ಬಂದವರಲ್ಲ, ತಾವಾಗಿ ಹೋದವರೂ ಅಲ್ಲ. 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರಾಲಿಯು ಬೇಡ ಸಮುದಾಯದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು, ಅವರಲ್ಲಿನ ಹುಡುಗರಿಂದ ಚೇಲಾ ಪಡೆಗಳನ್ನು, ಅಂದರೆ ಸೆರೆಯಾಳುಗಳ ಸೈನ್ಯವನ್ನು, ಕಟ್ಟಿದನೆಂದು ಬ್ರಿಟಿಷ್ ಇತಿಹಾಸಕಾರರು ಬರೆದಿದ್ದಾರೆ. ಮದಕರಿ ನಾಯಕನ ಸೋಲನ್ನು, ಓಬವ್ವನ ಒನಕೆಯನ್ನು ಹೇಳುವ ನಾವು ಒಂದು ಊರಿನಷ್ಟು ಜನರನ್ನು ಎಬ್ಬಿಸಿಕೊಂಡು ಹೋದ ಈ ಸಂಗತಿಯನ್ನು ಬಹುತೇಕ ಹೇಳುವುದಿಲ್ಲ. ಹೇಳುವಾಗ ಎರಡು ಎಚ್ಚರಿಕೆ ಬೇಕು. ಅಂಕಿಯನ್ನು ಯಾರು ಬರೆದರು, ಅವರು ಯಾವ ಪಕ್ಷದವರಾಗಿದ್ದರು ಎಂಬುದು ಚೀಟಿಯಲ್ಲಿಯೇ ಇರಬೇಕು. ಎರಡನೆಯದಾಗಿ, ಅಂದಿನ ಅರಸನೊಬ್ಬ ಮಾಡಿದ್ದಕ್ಕೆ ಇಂದಿನ ನೆರೆಮನೆಯವರನ್ನು ಹೊಣೆ ಮಾಡುವ ಒಂದು ವಿಶೇಷಣವೂ ಉಳಿಯಬಾರದು. ನೋಡಿ ಹೊರಬಂದವನು ಪಕ್ಕದವನನ್ನು ಕೆಕ್ಕರಿಸಿ ನೋಡುವಂತಿದ್ದರೆ ಚೀಟಿಯನ್ನು ಮತ್ತೆ ಬರೆಯಿರಿ. ಬರೆದದ್ದನ್ನು ಮುದ್ರಿಸುವ ಮೊದಲು ಬೇರೆಬೇರೆ ಓಣಿಯ ಐದಾರು ಮಂದಿಗೆ ಓದಿ ಹೇಳಿ, ಆಕ್ಷೇಪಗಳನ್ನು ಬರಹದಲ್ಲಿ ಇಟ್ಟುಕೊಳ್ಳಿ. ಎರಡು ಹೇಳಿಕೆಗಳು ಕೂಡದಿದ್ದರೆ ಎರಡನ್ನೂ ಅಕ್ಕಪಕ್ಕ ಹಾಕುವುದು ತಪ್ಪಲ್ಲ.

ಹೋದವರಿಗಾಗಿ ಒಂದು ಗೋಡೆ

ಬಂದವರ ಲೆಕ್ಕ ಹಾಕುವ ಉತ್ಸಾಹದಲ್ಲಿ ಹೋದವರನ್ನು ಮರೆಯುವುದು ಸುಲಭ. ಮಿಲ್ಲು ಮುಚ್ಚಿದ ಮೇಲೆ ಊರು ಬಿಟ್ಟ ಕುಟುಂಬಗಳು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಾಫಿ ತೋಟಕ್ಕೆ ಹೋದ ಚಿತ್ರದುರ್ಗದ ಹಳ್ಳಿಗಳವರು ಇದೇ ಚರಿತ್ರೆಯ ಇನ್ನೊಂದು ಕೊನೆ. ಅವರು ಸಿಗುವುದು ಉಗಾದಿಗೆ, ಜಾತ್ರೆಗೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ವಾರದಲ್ಲಿ ಕೋಣೆಯನ್ನು ರಾತ್ರಿ ಒಂಬತ್ತರವರೆಗೆ ತೆರೆದಿಡಿ, ಬಟ್ಟೆಯ ನಕ್ಷೆಯನ್ನು ಮತ್ತೆ ಹಾಸಿ, ಸೂಜಿ ದಾರ ಪಕ್ಕದಲ್ಲಿರಲಿ.

ಹಾಗೆ ಬಂದವರಿಂದ ವಸ್ತುವನ್ನೋ ಮಾತನ್ನೋ ಪಡೆದಾಗ ರಿಜಿಸ್ಟರಿನಲ್ಲಿ ಸಂಖ್ಯೆ, ದಿನಾಂಕ, ವಸ್ತು, ಕೊಟ್ಟವರು, ಎಲ್ಲಿಂದ ಬಂದದ್ದು ಎಂಬ ಕಾಲಂಗಳ ನಂತರ ‘ಈಗ ಎಲ್ಲಿದ್ದಾರೆ’ ಎಂಬ ಇನ್ನೊಂದು ಕಾಲಂ ಹಾಕಿಕೊಳ್ಳಿ. ಉಳಿದೆಲ್ಲವನ್ನೂ ಶಾಯಿಯಲ್ಲಿ ಬರೆಯಿರಿ. ಇದೊಂದನ್ನು ಪೆನ್ಸಿಲಿನಲ್ಲಿ ತುಂಬಿ.